ಕೊಲೆಗಾರ ಯಾರು ಅಂತ ಹೇಳಲ್ಲ, ಯಾರನ್ನು ಓದಬೇಕು ಅಂತ ಹೇಳ್ತೀನಿ

ನಮ್ಮ ಬಳಗದಲ್ಲಿ ಯಾರಿಗೆ ಪತ್ತೇದಾರಿ ಪುಸ್ತಕ ಬೇಕಾದರೂ ಮೆಸೇಜ್ ಬರುವುದು ನನಗೇ. ಎಲ್ಲರ ಬೇಡಿಕೆಯೂ ಹೆಚ್ಚುಕಡಿಮೆ ಒಂದೇ: ‘ಸಖತ್ ಸಸ್ಪೆನ್ಸ್ ಇರೋದು ಹೇಳೇ, ಕೊನೇ ಪುಟದವರೆಗೂ ಯಾರು ಅಂತ ಗೊತ್ತಾಗಬಾರದು’. ಈ ಬೇಡಿಕೆಯ ಎರಡನೇ ಭಾಗದ ಬಗ್ಗೆ ನನಗೆ ತಕರಾರಿದೆ.

‘ಯಾರು’ ಎಂಬ ಪ್ರಶ್ನೆಯನ್ನೇ ನಂಬಿ ನಿಂತ ಪುಸ್ತಕದ ಆಯಸ್ಸು ಬಹಳ ಕಡಿಮೆ. ಒಬ್ಬ ಕಿಡಿಗೇಡಿ ಗೆಳೆಯ ಸಾಕು, ಒಂದೇ ವಾಕ್ಯದಲ್ಲಿ ಮುನ್ನೂರು ಪುಟ ಮುಗಿಸಿಬಿಡುತ್ತಾನೆ. ನಮ್ಮೂರ ಗ್ರಂಥಾಲಯದ ಪತ್ತೇದಾರಿ ಕಾದಂಬರಿಗಳ ಮೂವತ್ತನೇ ಪುಟದ ಅಂಚಿನಲ್ಲೇ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ‘ಇವನೇ’ ಎಂದು ಬಾಣದ ಗುರುತು ಹಾಕಿಟ್ಟಿರುತ್ತಿದ್ದರು. ಇನ್ನು ಕೆಲವಕ್ಕೆ ಕೊನೆಯ ಹಾಳೆಗಳೇ ಇರುತ್ತಿರಲಿಲ್ಲ. ತಮಾಷೆಯೆಂದರೆ, ಕೊನೆಯಿಲ್ಲದ ಆ ಕಾದಂಬರಿಗಳಲ್ಲಿ ಕೆಲವು ನನಗೆ ಈಗಲೂ ನೆನಪಿವೆ. ಕೊಲೆಗಾರ ಸಿಕ್ಕಿಬಿದ್ದ ಎಷ್ಟೋ ಪುಸ್ತಕಗಳು ಮರೆತೇ ಹೋಗಿವೆ.

ಹಾಗಾಗಿ ಸರಣಿಗಳನ್ನು ಆರಿಸಲು ನನ್ನದೇ ಒಂದು ಅಳತೆ ಇಟ್ಟುಕೊಂಡಿದ್ದೇನೆ. ಒಂದು, ಊರಿನವರ ಮೊದಲ ಅನುಮಾನ ಯಾರ ಮೇಲೆ ಬೀಳುತ್ತದೆ, ಆಗ ಪತ್ತೇದಾರ ಏನು ಮಾಡುತ್ತಾನೆ? ಎರಡು, ಅಪರಾಧಿ ಯಾರೆಂದು ಗೊತ್ತಾದ ಮೇಲೆ ಅವನು ಏನು ಮಾಡುತ್ತಾನೆ? ಈ ಎರಡಕ್ಕೂ ಒಳ್ಳೆಯ ಉತ್ತರವಿರುವ ಸರಣಿಯನ್ನು ಎರಡನೇ ಸಲವೂ ಓದಬಹುದು. ಕೊಲೆಗಾರನ ಹೆಸರು ಮೊದಲೇ ಗೊತ್ತಿದ್ದರೂ ಓದಬಹುದು.

ಈ ಅಳತೆ ನನಗೆ ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ. ಪದವಿಯ ಎರಡನೇ ವರ್ಷದಲ್ಲಿ ಸೋದರಮಾವನ ಮದುವೆ ಮುಗಿಸಿಕೊಂಡು ಹಾಸ್ಟೆಲ್‌ಗೆ ವಾಪಸಾದಾಗ, ಕಸ ಗುಡಿಸಲು ಬರುತ್ತಿದ್ದ ಅಕ್ಕ ಇರಲಿಲ್ಲ. ಪಕ್ಕದ ಕೋಣೆಯ ಹುಡುಗಿಯ ಒಂದು ಜೊತೆ ಓಲೆ ಕಾಣೆಯಾಗಿತ್ತಂತೆ. ಗೆಳತಿಯರು ಅದನ್ನು ಥೇಟ್ ಪತ್ತೇದಾರಿ ಕತೆಯ ಹಾಗೇ ಹೇಳಿದರು. ಯಾರು ಯಾರು ಕೋಣೆಗೆ ಬಂದಿದ್ದರು, ಎಷ್ಟು ಹೊತ್ತಿಗೆ ಬಂದಿದ್ದರು, ಎಲ್ಲ. ಆ ಕೋಣೆಯಲ್ಲಿ ನಾಲ್ವರು ಇರುತ್ತಿದ್ದರು. ಚಾರ್ಜರ್ ಕೇಳಲು, ನೋಟ್ಸ್ ಕೇಳಲು ದಿನಕ್ಕೆ ಹತ್ತಾರು ಮಂದಿ ಹೋಗಿ ಬರುತ್ತಿದ್ದರು. ಆದರೆ ವರಾಂಡದಲ್ಲಿ ಎಲ್ಲರೆದುರು ಬಿಚ್ಚಿಸಿದ ಚೀಲ ಒಂದೇ, ಅಕ್ಕನದು. ಅದರಲ್ಲಿ ಊಟದ ಡಬ್ಬಿ, ಒಂದು ಹಳೆಯ ಸೀರೆ, ಎಲೆ ಅಡಿಕೆಯ ಸಂಚಿ ಇತ್ತು. ಓಲೆ ಸಿಗಲಿಲ್ಲ. ‘ಅಷ್ಟೊತ್ತಿಗೆ ಸಾಗಿಸಿರ್ತಾಳೆ ಬಿಡು’ ಎಂದು ತೀರ್ಪಾಯಿತು. ನಾಲ್ಕನೇ ದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ. ಓಲೆ ಕೊನೆಗೂ ಸಿಗಲಿಲ್ಲ.

ಆ ವಾರ ನಾನು ಓದುತ್ತಿದ್ದದ್ದು ಆರ್ಥರ್ ಕಾನನ್ ಡಾಯ್ಲ್ ಬರೆದ ಷೆರ್ಲಾಕ್ ಹೋಮ್ಸ್ ಕತೆ, ‘ದಿ ಬ್ಲೂ ಕಾರ್ಬಂಕಲ್’. ಬಂದದ್ದು 1892ರಲ್ಲಿ. ಲಂಡನ್ನಿನ ಒಂದು ಹೋಟೆಲಿನಲ್ಲಿ ಶ್ರೀಮಂತ ಹೆಂಗಸಿನ ನೀಲಿ ಹರಳು ಕಳುವಾಗುತ್ತದೆ. ಒಲೆಯ ಸರಳು ಬೆಸೆಯಲು ಆ ದಿನ ಕೋಣೆಗೆ ಬಂದಿದ್ದ ಕೊಳಾಯಿ ಕೆಲಸದವನನ್ನು ಪೊಲೀಸರು ಹಿಡಿಯುತ್ತಾರೆ. ಹಿಂದೆ ಒಮ್ಮೆ ಶಿಕ್ಷೆಯಾಗಿತ್ತು ಎಂಬುದೇ ಅವನ ವಿರುದ್ಧದ ದೊಡ್ಡ ಸಾಕ್ಷಿ. ಹರಳು ಆಮೇಲೆ ಸಿಗುವುದು ಕ್ರಿಸ್‌ಮಸ್ ಊಟಕ್ಕೆ ತಂದ ಬಾತುಕೋಳಿಯೊಂದರೊಳಗೆ! ಅಲ್ಲಿಂದ ಹೋಮ್ಸ್ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾನೆ: ಬಾತು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ಅಂಗಡಿ, ಯಾರು ಸಾಕಿದ್ದು. ಕೊನೆಯಲ್ಲಿ ಅವನು ತೆಗೆದುಕೊಳ್ಳುವ ತೀರ್ಮಾನದ ಬಗ್ಗೆ ನನ್ನ ರೂಮ್‌ಮೇಟ್‌ಗೂ ನನಗೂ ಒಂದು ರಾತ್ರಿ ಪೂರ್ತಿ ಜಗಳವಾಯಿತು. ನೀವೂ ಓದಿ, ಮನೆಯಲ್ಲಿ ಯಾರೊಂದಿಗಾದರೂ ಜಗಳ ಆಡಿ.

ಹೋಮ್ಸ್‌ನ ಕತೆಗಳು ಒಟ್ಟು ಅರವತ್ತು. ನಾಲ್ಕು ಕಾದಂಬರಿ, 56 ಸಣ್ಣಕತೆ. ಬಹಳ ಜನ 1887ರ ಮೊದಲ ಕಾದಂಬರಿ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಹಿಡಿದು, ನಡುವೆ ಕತೆ ಅಮೆರಿಕದ ಮರುಭೂಮಿಗೆ ಹೋದಾಗ ಸುಸ್ತಾಗಿ ಮುಚ್ಚಿಡುತ್ತಾರೆ. ಸಣ್ಣಕತೆಗಳ ಮೊದಲ ಸಂಕಲನ ‘ದಿ ಅಡ್ವೆಂಚರ್ಸ್ ಆಫ್ ಷೆರ್ಲಾಕ್ ಹೋಮ್ಸ್’ನಿಂದ ಶುರುಮಾಡಿ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಮೊಬೈಲ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ಪುಸ್ತಕ ಮುಗಿಸಬಲ್ಲೆ ಎಂಬ ಧೈರ್ಯ ಕೊಟ್ಟದ್ದೂ ಈ ಕತೆಗಳೇ. ಮುಂದೇನಾಯಿತು ಎಂಬ ಕುತೂಹಲ ಡಿಕ್ಷನರಿಯನ್ನು ಪಕ್ಕಕ್ಕಿಡಿಸುತ್ತದೆ. ಗೊತ್ತಿಲ್ಲದ ಪದ ದಾಟಿಕೊಂಡು ಓಡುತ್ತೀರಿ. ನಾಲ್ಕನೇ ಸಲ ಅದೇ ಪದ ಎದುರಾದಾಗ ಅರ್ಥ ತಾನಾಗಿಯೇ ಹೊಳೆದಿರುತ್ತದೆ.

ಆದರೆ ಒಂದೇ ಒಂದು ಸರಣಿ ಹೇಳು ಎಂದು ಯಾರಾದರೂ ಪಟ್ಟು ಹಿಡಿದರೆ ನಾನು ಲಂಡನ್ನಿಗೆ ಹೋಗುವುದಿಲ್ಲ, ಕಲ್ಕತ್ತಾಗೆ ಹೋಗುತ್ತೇನೆ. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ ಬಕ್ಷಿಯ ಹತ್ತಿರ. ನಮ್ಮ ಅಪ್ಪ–ಅಮ್ಮನ ವಯಸ್ಸಿನವರಿಗೆ ಈ ಹೆಸರು ಕೇಳಿದ ಕೂಡಲೇ 1993ರ ದೂರದರ್ಶನ, ಬಾಸು ಚಟರ್ಜಿ ನಿರ್ದೇಶನ, ಧೋತಿ ಉಟ್ಟ ರಜಿತ್ ಕಪೂರ್ ನೆನಪಾಗುತ್ತಾರೆ. ನನಗೂ ಮೊದಲು ಗೊತ್ತಾದದ್ದು ಹಾಗೆಯೇ, ಯೂಟ್ಯೂಬಿನಲ್ಲಿ. ಪುಸ್ತಕಗಳು ಅದಕ್ಕಿಂತ ಹೆಚ್ಚು ಒಗರು.

ಬ್ಯೋಮಕೇಶನಿಗೆ ‘ಡಿಟೆಕ್ಟಿವ್’ ಎನ್ನಿಸಿಕೊಳ್ಳುವುದು ಇಷ್ಟವಿಲ್ಲ. ತನ್ನನ್ನು ‘ಸತ್ಯಾನ್ವೇಷಿ’ ಎಂದು ಕರೆದುಕೊಳ್ಳುತ್ತಾನೆ. ಅಪರಾಧಿಯನ್ನು ಹಿಡಿದುಕೊಡುವುದು ಬೇರೆ, ನಡೆದದ್ದೇನೆಂದು ತಿಳಿಯುವುದು ಬೇರೆ ಎಂಬ ವ್ಯತ್ಯಾಸ ಆ ಹೆಸರಿನಲ್ಲೇ ಇದೆ. ಹಲವು ಕತೆಗಳಲ್ಲಿ ಅವನಿಗೆ ಸತ್ಯ ಗೊತ್ತಾಗುತ್ತದೆ; ಆದರೆ ಅದನ್ನು ಯಾರಿಗೆ ಹೇಳಬೇಕು, ಹೇಳಬೇಕೋ ಬೇಡವೋ ಎಂಬುದು ಹೊಸ ತಲೆನೋವಾಗುತ್ತದೆ. ಕೆಲವೊಮ್ಮೆ ಅವನ ತೀರ್ಮಾನ ನನಗೆ ಒಪ್ಪಿಗೆಯಾಗಿಲ್ಲ. ಪರವಾಗಿಲ್ಲ, ಒಪ್ಪಿಸುವುದು ಲೇಖಕರ ಉದ್ದೇಶವೂ ಅಲ್ಲ.

ಇನ್ನೊಂದು ಕಾರಣವೂ ಇದೆ. ಬ್ಯೋಮಕೇಶ ಬೆಳೆಯುತ್ತಾನೆ. ಮೊದಲ ಕತೆ ಬಂದದ್ದು 1932ರಲ್ಲಿ. ಆಗ ಅವನು ಹ್ಯಾರಿಸನ್ ರಸ್ತೆಯ ಮನೆಯಲ್ಲಿ ಗೆಳೆಯ ಅಜಿತ್‌ನ ಜೊತೆ ಚಹಾ ಕುಡಿಯುತ್ತ ಪೇಪರ್ ಓದುವ ಬ್ರಹ್ಮಚಾರಿ. ‘ಅರ್ಥಮನರ್ಥಂ’ ಕತೆಯಲ್ಲಿ ಕೊಲೆ ಆರೋಪ ಹೊತ್ತ ಹುಡುಗನ ತಂಗಿ ಸತ್ಯವತಿಯ ಪರಿಚಯವಾಗುತ್ತದೆ, ಆಮೇಲೆ ಮದುವೆ, ಮಗು, ಸಂಸಾರದ ಸಣ್ಣಪುಟ್ಟ ಮುನಿಸು. ನಡುವೆ ಶರದಿಂದು ಮುಂಬಯಿಯ ಸಿನಿಮಾಗಳಿಗೆ ಬರೆಯಲು ಹೋಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯೋಮಕೇಶನನ್ನು ಬಿಟ್ಟೇಬಿಟ್ಟಿದ್ದರು. ಮತ್ತೆ ಶುರುಮಾಡಿದ್ದು 1950ರ ದಶಕದ ಆರಂಭದಲ್ಲಿ. ಅಷ್ಟರಲ್ಲಿ ದೇಶ ಬದಲಾಗಿತ್ತು, ಕತೆಗಳೂ ಬದಲಾದವು. ‘ಆದಿಮ ರಿಪು’ ಕತೆಯ ಹಿನ್ನೆಲೆಯಲ್ಲಿ 1946ರ ಗಲಭೆಯ ಕಲ್ಕತ್ತಾ ಇದೆ. ಬೀದಿಯಲ್ಲಿ ಅಷ್ಟು ಹೆಣಗಳು ಬೀಳುತ್ತಿರುವಾಗ ಒಂದು ಮನೆಯ ಒಂದು ಕೊಲೆಯನ್ನು ಯಾರು ಲೆಕ್ಕಕ್ಕಿಡುತ್ತಾರೆ? ಬ್ಯೋಮಕೇಶ ಇಡುತ್ತಾನೆ. ಇತಿಹಾಸದ ಪಠ್ಯದಲ್ಲಿ ಎರಡು ಸಾಲಿನಲ್ಲಿ ಮುಗಿದ ಆ ದಿನಗಳು ನನಗೆ ಅರ್ಥವಾದದ್ದು ಈ ಕತೆಯಿಂದ.

ಪೂರ್ತಿಯಾದ ಕತೆಗಳು 32. ಮೂವತ್ತಮೂರನೆಯದು, ‘ಬಿಶುಪಾಲ ವಧ’, 1970ರಲ್ಲಿ ಲೇಖಕರು ತೀರಿಕೊಂಡಾಗ ಅರ್ಧಕ್ಕೇ ನಿಂತಿತು. ಕೊನೆಯ ಹಾಳೆಗಳಿಲ್ಲದ ಪುಸ್ತಕ ಓದಿ ಅಭ್ಯಾಸವಿರುವ ನನಗೆ ಅದೂ ಇಷ್ಟವೇ. ಓದುವ ಕ್ರಮ ಕೇಳಿದರೆ, ಬರೆದ ಕ್ರಮದಲ್ಲಿ ಮೂರನೆಯದಾದ ‘ಸತ್ಯಾನ್ವೇಷಿ’ಯನ್ನು ಮೊದಲು ಓದಿ. ಅಜಿತ್–ಬ್ಯೋಮಕೇಶರ ಮೊದಲ ಭೇಟಿ ಇರುವುದು ಅದರಲ್ಲಿ. ಕಲ್ಕತ್ತಾದ ಒಂದು ಮೆಸ್ಸು, ಅಂದರೆ ನಮ್ಮ ಪಿ.ಜಿ. ತರಹದ್ದು, ಹೊಸದಾಗಿ ಬಂದ ರೂಮ್‌ಮೇಟ್, ಬೀದಿಯಲ್ಲಿ ಒಂದರ ಹಿಂದೊಂದು ಕೊಲೆ. ಪಿ.ಜಿ.ಯಲ್ಲಿರುವವರು ರಾತ್ರಿ ಹೊತ್ತು ಓದದಿದ್ದರೆ ಒಳ್ಳೆಯದು. ಇಂಗ್ಲಿಷಿನಲ್ಲಿ ಶ್ರೀಜಾತಾ ಗುಹಾ ಅವರ ಅನುವಾದ ಸಿಗುತ್ತದೆ.

ಕಲ್ಕತ್ತಾಗೆ ಹೋದ ಮೇಲೆ ಫೆಲುದಾನನ್ನು ಮಾತಾಡಿಸದೆ ಬರಲಾಗುತ್ತದೆಯೇ? ಸತ್ಯಜಿತ್ ರಾಯ್ 1965ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಗೆ ಸೃಷ್ಟಿಸಿದ ಪತ್ತೇದಾರ ಇವನು. ಜೊತೆಗೆ ತಮ್ಮ ತೋಪ್ಸೆ. ‘ಸೋನಾರ್ ಕೆಲ್ಲಾ’ದಿಂದ ಇವರೊಟ್ಟಿಗೆ ಸೇರಿಕೊಳ್ಳುವ ಲಾಲಮೋಹನ ಗಂಗೂಲಿ ಬಹಳ ಜನಪ್ರಿಯ ಪತ್ತೇದಾರಿ ಕಾದಂಬರಿಕಾರ, ಆದರೆ ಅವನ ಪುಸ್ತಕಗಳ ತುಂಬ ತಪ್ಪುಗಳು. ಒಂಟೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ ಎಂಬಂಥವು! ಫೆಲುದಾ ನಗದೆ ತಿದ್ದುತ್ತಾನೆ. ಡಾರ್ಜಿಲಿಂಗ್, ಲಖನೌ, ಜೈಸಲ್ಮೇರ್, ಬನಾರಸ್, ಎಲ್ಲೋರಾ ಎಂದು ಊರೂರು ಸುತ್ತಿಸುವ ಈ ಕತೆಗಳನ್ನು ಪಿಯುಸಿ ಓದುವ ತಮ್ಮ ತಂಗಿಯರ ಕೈಗೆ ನಿಶ್ಚಿಂತೆಯಿಂದ ಕೊಡಬಹುದು. ಗೋಪಾ ಮಜುಂದಾರ್ ಅವರ ಇಂಗ್ಲಿಷ್ ಅನುವಾದ ನೀರು ಕುಡಿದಷ್ಟು ಸಲೀಸು. ನನ್ನ ಆಕ್ಷೇಪ ಒಂದೇ. ಫೆಲುದಾನ ಪ್ರಪಂಚದಲ್ಲಿ ಹೆಣ್ಣುಮಕ್ಕಳು ಎಲ್ಲಿ ಹೋದರು? ಮಕ್ಕಳ ಪತ್ರಿಕೆ, ಪ್ರೇಮ ಗೀಮ ಬೇಡ ಎಂಬುದೇನೋ ಸರಿ, ಆದರೆ ಒಬ್ಬ ಚುರುಕು ಅಕ್ಕನೋ ಅತ್ತಿಗೆಯೋ ಇರಬಾರದಿತ್ತೇ? ಮಹಾನ್ ನಿರ್ದೇಶಕರು ಎಂಬ ಕಾರಣಕ್ಕೆ ಈ ರಹಸ್ಯವನ್ನು ಮುಚ್ಚಿಡಲು ನಾನು ತಯಾರಿಲ್ಲ.

ಅಗಾಥಾ ಕ್ರಿಸ್ಟಿ ವಿಷಯಕ್ಕೆ ಬಂದರೆ, ನೀವು ಓದಿಯೇ ಇರುತ್ತೀರಿ, ಇಲ್ಲವಾದರೆ ಯಾವುದೋ ಸಿನಿಮಾವನ್ನಾದರೂ ನೋಡಿರುತ್ತೀರಿ. ಅವರ ಬಗ್ಗೆ ನನ್ನ ಸಲಹೆ ಓದುವ ಕ್ರಮಕ್ಕೆ ಸಂಬಂಧಪಟ್ಟದ್ದು. ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಅತ್ಯುತ್ತಮ ಎಂದು ಎಲ್ಲ ಪಟ್ಟಿಗಳಲ್ಲೂ ಇರುತ್ತದೆಂದು ಅದನ್ನೇ ಮೊದಲು ಓದಬೇಡಿ. ಪತ್ತೇದಾರಿ ಕತೆಯ ಆಟದ ನಿಯಮ ಗೊತ್ತಿದ್ದವರಿಗೇ ಅದರ ಏಟು ಬೀಳುವುದು. ಮೂರ್ನಾಲ್ಕು ಪುಸ್ತಕ ಮುಗಿಸಿ ಆಮೇಲೆ ಅಲ್ಲಿಗೆ ಬನ್ನಿ. ‘ಕರ್ಟನ್’ ಕಟ್ಟಕಡೆಗಿರಲಿ. ನನ್ನ ಆಯ್ಕೆ ‘ಫೈವ್ ಲಿಟಲ್ ಪಿಗ್ಸ್’. ಗಂಡನನ್ನು ಕೊಂದಳೆಂದು ಶಿಕ್ಷೆಯಾಗಿ ಜೈಲಿನಲ್ಲೇ ಸತ್ತ ಹೆಂಗಸು, ಹದಿನಾರು ವರ್ಷಗಳ ನಂತರ ಪತ್ತೇದಾರ ಪ್ವಾರೋನ ಬಾಗಿಲಿಗೆ ಬರುವ ಮಗಳು. ತೀರ್ಪು ಆಗಿಹೋಗಿದೆ, ಆರೋಪಿಯೂ ಇಲ್ಲ. ಉಳಿದಿರುವುದು ಐದು ಜನರ ನೆನಪು ಮಾತ್ರ. ಪ್ವಾರೋ ಮಾಡುವುದು ಇಷ್ಟೇ, ಆ ಐವರನ್ನು ಮಾತಾಡಿಸಿ, ನಡೆದದ್ದನ್ನು ಬರೆದುಕೊಡಿ ಎಂದು ಕೇಳುವುದು. ಒಂದೇ ದಿನದ ಘಟನೆ ಐದು ಬಾಯಲ್ಲಿ ಐದು ತರಹ. ನಮ್ಮ ಕುಟುಂಬದ ಹಳೆಯ ಆಸ್ತಿ ಜಗಳದ ಬಗ್ಗೆ ದೊಡ್ಡಪ್ಪನನ್ನೂ ಅತ್ತೆಯನ್ನೂ ಬೇರೆ ಬೇರೆ ಕೂರಿಸಿ ಕೇಳಿದರೆ ಹೇಗಿರುತ್ತದೋ ಹಾಗೆ.

ಬೆಲ್ಜಿಯಂ ಮೂಲದ ಜಾರ್ಜ್ ಸಿಮೆನಾನ್ ತಮ್ಮ ಪತ್ತೇದಾರ ಮೆಗ್ರೆಯ ಮೇಲೆ ಬರೆದದ್ದು 75 ಕಾದಂಬರಿ. ಹೆದರಬೇಡಿ, ಒಂದೊಂದೂ ಸಣ್ಣವು. ಶಿವಮೊಗ್ಗದಲ್ಲಿ ಬಸ್ ಹತ್ತಿದರೆ ಬೆಂಗಳೂರು ಬರುವಷ್ಟರಲ್ಲಿ ಒಂದು ಮುಗಿಯುತ್ತದೆ. ಪ್ಯಾರಿಸ್ ಪೊಲೀಸ್ ಅಧಿಕಾರಿ, ದಪ್ಪ ಮೈ, ಬಾಯಲ್ಲಿ ಪೈಪು, ಮನೆಯಲ್ಲಿ ಬಿಸಿ ಅಡುಗೆ ಮಾಡಿಕೊಂಡು ಕಾಯುವ ಹೆಂಡತಿ. ಚಮತ್ಕಾರ ಏನೂ ಇಲ್ಲ. 1931ರ ‘ದಿ ಯೆಲ್ಲೋ ಡಾಗ್’ ಓದಿ ನೋಡಿ. ಸಮುದ್ರದಂಡೆಯ ಪುಟ್ಟ ಊರು, ಒಂದರ ಹಿಂದೊಂದು ದಾಳಿ, ಎಲ್ಲ ಕಡೆ ಕಾಣಿಸಿಕೊಳ್ಳುವ ಒಂದು ಹಳದಿ ನಾಯಿ, ಯಾರಿಗೂ ಗೊತ್ತಿಲ್ಲದ ಒಬ್ಬ ಅಲೆಮಾರಿ. ಪ್ಯಾರಿಸ್ಸಿನಿಂದ ಪತ್ರಕರ್ತರ ದಂಡು ಬಂದಿಳಿಯುತ್ತದೆ. ಮೇಯರ್ ಗಳಿಗೆಗೊಮ್ಮೆ ‘ಯಾರನ್ನಾದರೂ ಬಂಧಿಸಿ’ ಎಂದು ಪೀಡಿಸುತ್ತಾನೆ. ಊರಿನ ಜನರ ಭಯ ನಾಯಿಯನ್ನೂ ಬಿಡುವುದಿಲ್ಲ. ಮೆಗ್ರೆ ಮಾತ್ರ ಬೆನ್ನು ಕೊಟ್ಟು ಪೈಪ್ ಸೇದುತ್ತಾನೆ. ಕೊಲೆ ನಡೆದ ರಾತ್ರಿಯೇ ಸ್ಟುಡಿಯೊದಲ್ಲಿ ಕುಳಿತು ಆರೋಪಿಯ ಜಾತಕ ಬಿಡಿಸುವ ನಮ್ಮ ಸುದ್ದಿವಾಹಿನಿಗಳನ್ನೂ, ಅದನ್ನು ಹತ್ತು ಗುಂಪುಗಳಿಗೆ ಫಾರ್ವರ್ಡ್ ಮಾಡುವ ನಮ್ಮನ್ನೂ ನೋಡಿದರೆ ಈ ಮನುಷ್ಯ ಏನೆನ್ನುತ್ತಿದ್ದನೋ. ಬಹುಶಃ ಏನೂ ಅನ್ನುತ್ತಿರಲಿಲ್ಲ.

ಸ್ವೀಡನ್ನಿನ ಮಾರ್ಟಿನ್ ಬೆಕ್ ಸರಣಿಯದೂ ಇಂಥದೇ ತಾಳ್ಮೆ. ಮೈ ಶೋವಾಲ್ ಮತ್ತು ಪರ್ ವಾಲೊ ಎಂಬ ಜೋಡಿ ಕೂಡಿ 1965ರಿಂದ 1975ರ ನಡುವೆ ಬರೆದ ಹತ್ತೇ ಹತ್ತು ಕಾದಂಬರಿಗಳು. ಮೊದಲನೆಯ ‘ರೋಸೆನ್ನಾ’ದಲ್ಲಿ ಸತ್ತವಳ ಹೆಸರು ತಿಳಿಯಲಿಕ್ಕೇ ತಿಂಗಳುಗಳು ಹಿಡಿಯುತ್ತವೆ. ಬೇಗ ಬೇಸರವಾಗುವವರು ಇದನ್ನು ಸದ್ಯಕ್ಕೆ ಬಿಡಿ. ಆದರೆ ಓದಿದರೆ ಹತ್ತನ್ನೂ ಸಾಲಾಗಿ ಓದಿ.

ಈಗಿನ ಲೇಖಕರಲ್ಲಿ ನನ್ನ ಮೆಚ್ಚಿನವರು ಜಪಾನಿನ ಕೈಗೊ ಹಿಗಾಶಿನೊ. ‘ಜಾನೆ ಜಾನ್’ ಎಂಬ ಹಿಂದಿ ಚಿತ್ರ ನೋಡಿದ್ದೀರಲ್ಲ? ಅದರ ಮೂಲ ಇವರ 2005ರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ಕೊಲೆ ಯಾರು ಮಾಡಿದರೆಂದು ಆರಂಭದಲ್ಲೇ ತೋರಿಸಿಬಿಡುತ್ತಾರೆ. ಆದರೂ ಪುಸ್ತಕ ಕೆಳಗಿಡಲು ಆಗುವುದಿಲ್ಲ. ‘ಯಾರು’ ಎಂಬುದೇ ಮುಖ್ಯ ಎನ್ನುವ ಗೆಳೆಯರ ಬಾಯಿ ಮುಚ್ಚಿಸಲು ನಾನು ಕೊಡುವುದು ಇದನ್ನೇ. ಆದರೆ ಇವರದೇ ಇನ್ನೊಂದು ಸರಣಿ ಇದೆ, ಪತ್ತೇದಾರ ಕಾಗಾನದು. ಅದರಲ್ಲಿ ‘ನ್ಯೂಕಮರ್’ ಎಂಬ ಪುಸ್ತಕ ನನ್ನ ಪಾಲಿಗೆ ಬಂಗಾರ. ಟೋಕಿಯೊದ ಹಳೆಯ ಪೇಟೆ ನಿಹೊನ್‌ಬಾಷಿಯಲ್ಲಿ ಒಂಟಿ ಹೆಂಗಸೊಬ್ಬಳ ಕೊಲೆಯಾಗಿದೆ. ಆ ಠಾಣೆಗೆ ಹೊಸದಾಗಿ ವರ್ಗವಾಗಿ ಬಂದ ಕಾಗಾ ಒಂದೊಂದೇ ಅಂಗಡಿಗೆ ಹೋಗುತ್ತಾನೆ. ಅಕ್ಕಿಯ ಗರಿಗರಿ ತಿಂಡಿ ಮಾರುವ ಅಂಗಡಿ, ಪಾತ್ರೆ ಅಂಗಡಿ, ಗಡಿಯಾರದ ಅಂಗಡಿ, ಹೀಗೆ. ಪ್ರತಿ ಅಂಗಡಿಯಲ್ಲೂ ಒಬ್ಬರು ಏನನ್ನೋ ಮುಚ್ಚಿಡುತ್ತಿದ್ದಾರೆ. ಅತ್ತೆ–ಸೊಸೆ ಜಗಳ, ಮನೆ ಬಿಟ್ಟುಹೋದ ಮಗಳು, ಅಜ್ಜಿಗೆ ಹೇಳದ ಕಾಯಿಲೆ. ಕೊಲೆಗೂ ಅದಕ್ಕೂ ಸಂಬಂಧ ಇಲ್ಲ. ಅದನ್ನು ಗೊತ್ತುಮಾಡಿಕೊಂಡು ಆ ಮನೆಯನ್ನು ಅನುಮಾನದಿಂದ ಬಿಡಿಸಿದ ಮೇಲೆಯೇ ಅವನು ಮುಂದಿನ ಅಂಗಡಿಗೆ ಹೊರಡುವುದು. ಸುಳ್ಳು ಹೇಳುವವರೆಲ್ಲ ಕಳ್ಳರಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಪತ್ತೇದಾರಿ ಪುಸ್ತಕವನ್ನು ನಾನು ಬೇರೆ ಓದಿಲ್ಲ. ಇದನ್ನು ಓದುವಾಗೆಲ್ಲ ಆ ಎಲೆ ಅಡಿಕೆಯ ಸಂಚಿ ಕಣ್ಣಿಗೆ ಕಟ್ಟುತ್ತದೆ. ನಮ್ಮ ಹಾಸ್ಟೆಲ್‌ಗೆ ಕಾಗಾ ಬಂದಿದ್ದರೆ ಮೊದಲು ಯಾವ ಕೋಣೆಗೆ ಹೋಗುತ್ತಿದ್ದ?

ಕನ್ನಡದ್ದು ಯಾವುದೂ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯರು ಒಂದು ಇಡೀ ತಲೆಮಾರಿಗೆ ಓದುವ ಹುಚ್ಚು ಹಿಡಿಸಿದವರು. ಅವರು ಬರೆದದ್ದು ಐನೂರರ ಹತ್ತಿರ ಎಂದರೆ ಸುಮ್ಮನಲ್ಲ. ಕನ್ನಡ ಬಾವುಟದ ವಿನ್ಯಾಸ ಮಾಡಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂಬುದು ನವೆಂಬರ್ ಒಂದರಂದು ಬಾವುಟ ಹಾರಿಸುವ ಎಷ್ಟು ಜನಕ್ಕೆ ಗೊತ್ತು? 2019ರ ‘ಬೆಲ್ ಬಾಟಂ’ ಚಿತ್ರದ ಡಿಟೆಕ್ಟಿವ್ ದಿವಾಕರನನ್ನು ನೋಡಿ ನಕ್ಕವರು ಅವನ ತಾತಂದಿರಾದ ಈ ಪತ್ತೇದಾರರನ್ನೂ ಹುಡುಕಿ ಓದಬೇಕು. ಹಳೆ ಪುಸ್ತಕದ ಅಂಗಡಿಗಳಲ್ಲಿ, ಹಳೆಯ ಗ್ರಂಥಾಲಯಗಳ ಕೆಳಗಿನ ಕಪಾಟಿನಲ್ಲಿ ಇನ್ನೂ ಸಿಗುತ್ತಾರೆ. ಕತೆಯ ಓಟ ಇವತ್ತಿಗೂ ಬಿಸಿಬಿಸಿ.

ಆದರೆ ನನಗೆ ಬೇಕಾದ ಒಂದು ಸರಣಿ ಇನ್ನೂ ಕೈಗೆ ಸಿಕ್ಕಿಲ್ಲ. ಕಾಗಾ ನಿಹೊನ್‌ಬಾಷಿಯನ್ನು ಸುತ್ತಿದ ಹಾಗೆ ನಮ್ಮ ಒಂದು ಊರನ್ನು, ದಾವಣಗೆರೆಯನ್ನೋ ಹುಬ್ಬಳ್ಳಿಯನ್ನೋ, ಅಂಗಡಿ ಅಂಗಡಿಯಾಗಿ ಸುತ್ತುವ, ಇಪ್ಪತ್ತು ವರ್ಷ ಅಲ್ಲೇ ಇದ್ದು ತಲೆಗೂದಲು ನೆರೆಯುವ ಕನ್ನಡದ ಪತ್ತೇದಾರ. ಅವಳು ಮಹಿಳಾ ಪಿಎಸ್ಐ ಆಗಿದ್ದರೆ ಇನ್ನೂ ಸಂತೋಷ. ಮಂಡಕ್ಕಿ ಭಟ್ಟಿಯವರ ಹತ್ತಿರ, ಎಪಿಎಂಸಿ ಹಮಾಲರ ಹತ್ತಿರ, ಹಾಸ್ಟೆಲಿನ ಕಸ ಗುಡಿಸುವ ಅಕ್ಕನ ಹತ್ತಿರ ಕೂತು ಮಾತಾಡಲು ಅವಳಿಗೆ ಪುರುಸೊತ್ತಿರಬೇಕು. ಬರೆಯುವ ಕೈಗಳು ಈ ಪುಟದ ಓದುಗರಲ್ಲೇ ಇರಬಹುದು. ಬರೆದರೆ ಮೊದಲ ಪ್ರತಿ ನನಗೆ.

ಅಲ್ಲಿಯವರೆಗೆ ‘ನ್ಯೂಕಮರ್’ ಹಿಡಿಯಿರಿ. ಕಷ್ಟವೆನಿಸಿದರೆ ‘ಬ್ಲೂ ಕಾರ್ಬಂಕಲ್’, ಒಂದೇ ಸಂಜೆಯ ಓದು. ಮತ್ತೆ, ಪುಸ್ತಕದ ಹೆಸರನ್ನು ಗೂಗಲ್ ಮಾಡಬೇಡಿ. ಮೂರನೇ ಸಾಲಿನಲ್ಲೇ ‘ಇವನೇ’ ಎಂದು ಬಾಣ ಹಾಕಿರುತ್ತಾರೆ.